ತಿಕ್ಕಿದರೂ ಹೋಗದ ಮಸುಕು

ಶುಕ್ರವಾರ ಸಂಜೆ ಸಿಒಎಫ್, ಅಂದರೆ ಘರ್ಷಣೆಯ ಗುಣಾಂಕ, 0.05ಕ್ಕೆ ಇಳಿದು ಅಲ್ಲೇ ಕೂತಿತು. 52100 ಬೇರಿಂಗ್ ಉಕ್ಕಿನ ಬಾಲ್, ಅದೇ ಉಕ್ಕಿನ ಡಿಸ್ಕ್, ನಡುವೆ ಜಾರಿಸೋಕೆ ನಾಲ್ಕು ಹನಿ ಬಿಮಿಮ್-ಬಿಎಫ್4 ಅನ್ನೋ ಅಯಾನಿಕ್ ಲಿಕ್ವಿಡ್ (ದ್ರವರೂಪದ ಉಪ್ಪು). ಏನೂ ಬೆರೆಸದ ಬೇಸ್ ಆಯಿಲ್ ಹಾಕಿದಾಗ 0.12ರ ಕೆಳಗೆ ಬರಲ್ಲ ಅಂತ ಹಟ ಹಿಡಿದಿದ್ದ ಟೆಸ್ಟ್ ರಿಗ್ ಅದು. ಕರ್ವ್‌ನ ಫೋಟೋ ತೆಗೆದು ಮ್ಯಾನೇಜರ್‌ಗೆ ಕಳಿಸಿದೆ. ಹತ್ತೇ ನಿಮಿಷದಲ್ಲಿ ಅದು ರಿವ್ಯೂ ಸ್ಲೈಡ್ ಸೇರಿತು. ಡಿಸ್ಕ್ ತೊಳೆದು ಸ್ಕಾರ್ (ಸವೆತದ ಗುರುತು) ನೋಡುವುದನ್ನು ಸೋಮವಾರಕ್ಕೆ ಬಿಟ್ಟೆ. ಮನೆಗೆ ಹೋಗುವ ಆತುರ, ಸುಳ್ಳು ಯಾಕೆ ಹೇಳಲಿ.

ಸೋಮವಾರ ಹತ್ತಕ್ಕೆ ರಿವ್ಯೂ. ಒಂಬತ್ತೂಕಾಲಿಗೆ ಡಿಸ್ಕ್ ತೆಗೆದೆ. ಬಾಲ್ ಓಡಿದ ಜಾಡು ಕಪ್ಪು. ಹನಿ ನಿಂತಿದ್ದ ಕಡೆ ಸುತ್ತ ಕಂದು ತುಕ್ಕು. ಆಗಲೂ 'ತೊಳೆಯದೆ ಬಿಟ್ಟಿದ್ದಕ್ಕೆ ಹೀಗಾಗಿದೆ' ಅಂತಲೇ ಅಂದುಕೊಂಡೆ. ಆಮೇಲೆ ಆ ದ್ರವ ಇಟ್ಟಿದ್ದ ವಯಲ್ ಎತ್ತಿದೆ. ಗಾಜು ಮಸುಕಾಗಿತ್ತು. ಟಿಶ್ಯೂನಲ್ಲಿ ಒರೆಸಿದೆ, ಹೋಗಲಿಲ್ಲ. ಇನ್ನೂ ಜೋರಾಗಿ ತಿಕ್ಕಿದೆ. ಬೆಳಕಿಗೆ ಹಿಡಿದು ನೋಡಿದರೆ, ದ್ರವ ಇದ್ದ ಮಟ್ಟದವರೆಗೆ ಮಾತ್ರ ಮಸುಕು, ಅದರ ಮೇಲೆ ಗಾಜು ಫಳಫಳ. ಎದೆ ಧಸಕ್ಕೆಂದಿತು. ಅದು ಕೊಳೆಯಲ್ಲ, ಒಳಗಿನದು ಗಾಜನ್ನೇ ತಿಂದಿತ್ತು.

ಕಾರಣ ನಾನೇ. ಬಾಟಲಿ ತೇವ ಹೀರಿದೆ ಅನ್ನೋ ಅನುಮಾನ ಮೊದಲೇ ಇತ್ತು. ನೀರಿನಂಶ ಅಳೆಯೋ ಕಾರ್ಲ್ ಫಿಷರ್ ಟೆಸ್ಟ್ ಮಾಡೋಣ ಅಂದರೆ ರೀಏಜೆಂಟ್ ಮುಗಿದು ಎರಡು ತಿಂಗಳಾಗಿತ್ತು, ಪರ್ಚೇಸ್ ಫೈಲ್ ಯಾರದೋ ಮೇಜಿನ ಮೇಲಿತ್ತು. ಒಣಗಲಿ ಅಂತ ರಿಗ್‌ಗೆ ಹಾಕೋ ಮೊದಲು ಆ ವಯಲ್ ಅನ್ನು ವ್ಯಾಕ್ಯೂಮ್ ಇಲ್ಲದ ಓವನ್‌ನಲ್ಲಿ ರಾತ್ರಿಯಿಡೀ 100 ಡಿಗ್ರಿಗೆ ಇಟ್ಟೆ. ನೀರಿರುವ ಬಿಎಫ್4 ಬಿಸಿಯಾದರೆ ಒಡೆದು ಹೈಡ್ರೋಫ್ಲೋರಿಕ್ ಆಸಿಡ್ ಬಿಡುತ್ತೆ. ಓದಿದ್ದೆ, ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ.

ಗ್ಲೌಸ್ ತೆಳು ನೈಟ್ರೈಲ್. ತೂತಿದೆಯಾ ಅಂತ ಬೆರಳ ತುದಿ ನೋಡಿದೆ. ಈ ಆಸಿಡ್ ತೆಳುವಾಗಿದ್ದರೆ ಮುಟ್ಟಿದಾಗ ಉರಿಯಲ್ಲ, ಗಂಟೆಗಟ್ಟಲೆ ಬಿಟ್ಟು ನೋವು ಶುರುವಾಗುತ್ತೆ. ಇದಕ್ಕೆ ಹಚ್ಚಬೇಕಾದ, ಫಸ್ಟ್ ಏಡ್ ಡಬ್ಬಿಯ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್‌ನ ಎಕ್ಸ್‌ಪೈರಿ ಹೋದ ವರ್ಷವೇ ಮುಗಿದಿತ್ತು. ನಲ್ಲಿ ಕೆಳಗೆ ಕೈ ಹಿಡಿದು ಹದಿನೈದು ನಿಮಿಷ ನಿಂತೆ. ಪಕ್ಕದಲ್ಲಿ ಸಹೋದ್ಯೋಗಿ ವಯಲ್‌ನ ದ್ರವಕ್ಕೆ ಪಿಎಚ್ ಪೇಪರ್ ಅದ್ದಿ ತೋರಿಸಿದಳು, ಕಡುಗೆಂಪು, ಆಸಿಡ್ಡೇ. ಗೋಡೆ ಗಡಿಯಾರದಲ್ಲಿ ಹತ್ತಕ್ಕೆ ಹತ್ತು ನಿಮಿಷ. ಕೈಗೇನೂ ಆಗಲಿಲ್ಲ, ಅದೃಷ್ಟ.

ರಿವ್ಯೂನಲ್ಲಿ ಸ್ಲೈಡ್ ವಾಪಸ್ ತಗೊಂಡೆ. ಆಸಿಡ್ ಉಕ್ಕನ್ನು ತಿಂದು ಮೇಲೆ ಒಂದು ಪದರ ಕಟ್ಟಿದೆ, ಬಾಲ್ ಜಾರಿದ್ದು ಬಹುಶಃ ಅದರ ಮೇಲೆ, ಅಂದೆ. ಕರ್ವ್ ಅಷ್ಟು ನುಣುಪಾಗಿದ್ದಾಗಲೇ ನಾನು ಡಿಸ್ಕ್ ನೋಡಬೇಕಿತ್ತು ಅಲ್ವಾ?

ಈಗ ಫ್ಲೋರಿನ್ ಇಲ್ಲದ ಇನ್ನೊಂದು ಅಯಾನಿಕ್ ಲಿಕ್ವಿಡ್, ಫಾಸ್ಫೋನಿಯಂ ಫಾಸ್ಫೇಟ್, ಬಳಸುತ್ತಿದ್ದೇವೆ. ಎಣ್ಣೆಯಲ್ಲಿ ಚೆನ್ನಾಗಿ ಬೆರೆಯುತ್ತೆ, 1% ಸೇರಿಸಿದರೂ ಸ್ಕಾರ್ ಚಿಕ್ಕದಾಗುತ್ತೆ. ಸಿಒಎಫ್ ಮಾತ್ರ 0.1ರ ಆಸುಪಾಸು. "ಹಳೇ ನಂಬರೇ ಚೆನ್ನಾಗಿತ್ತಲ್ಲ" ಅಂತಾರೆ ಮ್ಯಾನೇಜರ್. ಹೊಸ ಜೆಲ್ ಮರುದಿನವೇ ಬಂತು. ರೀಏಜೆಂಟ್ ಫೈಲ್ ಇನ್ನೂ ಸಹಿಗೆ ಕಾಯ್ತಿದೆ.