ಕಾಫಿ ಕಣದಲ್ಲಿ ರಾಬರ್ಟ್ ಪ್ಲಾಂಟ್

ನಮ್ಮ ಕೊಡಗಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ ಮನೇಲಿರೋ ಎಲ್ಲದಕ್ಕೂ ಬೂಷ್ಟು ಹಿಡಿದಿರತ್ತೆ, ಬೆಲ್ಟು, ಶೂ, ಕ್ಯಾಮೆರಾ ಲೆನ್ಸು, ಮದುವೆ ಫೋಟೋ, ಯಾವುದನ್ನೂ ಬಿಡಲ್ಲ. ಸೀಡಿಗಳಿಗೂ ಅದೇ ಗತಿ. ಅದಕ್ಕೇ ನಮ್ಮ ಮಾವ ಅವರ ಸೀಡಿಗಳನ್ನೆಲ್ಲ ಬಿಸ್ಕತ್ ಡಬ್ಬಕ್ಕೆ ತುಂಬಿ ಸೌದೆ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು, ಅಲ್ಲಿ ವರ್ಷಪೂರ್ತಿ ಬೆಚ್ಚಗಿರತ್ತೆ ಅಂತ. ಹೋದ ವಾರ ಆ ಡಬ್ಬ ಇಳಿಸಿದೆ. ಇಂಗ್ಲೆಂಡಿನ ರಾಕ್ ಗಾಯಕ ರಾಬರ್ಟ್ ಪ್ಲಾಂಟ್‌ನ 'ಸಿಕ್ಸ್ಟಿ ಸಿಕ್ಸ್ ಟು ಟಿಂಬಕ್ಟು' ಸಿಕ್ತು. ಕೇಸಿನ ಒಂದು ಕೀಲು ಮುರಿದಿದೆ, ಕವರೆಲ್ಲ ಹೊಗೆ ವಾಸನೆ, ಒಳಗಿರೋ ಎರಡು ಸೀಡಿ ಮಾತ್ರ ಕನ್ನಡಿ ಥರ ಹೊಳೀತಿವೆ.

2003ರಲ್ಲಿ ಬಂದ ಕಲೆಕ್ಷನ್ ಇದು, ಒಟ್ಟು 35 ಹಾಡು, ಅದರಲ್ಲಿ ಪ್ಲಾಂಟ್ ಹಾಡಿ ಹೆಸರು ಮಾಡಿದ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ದು ಒಂದೂ ಇಲ್ಲ. ಮಾವ ಪಕ್ಕಾ ಜೆಪ್ಲಿನ್ ಅಭಿಮಾನಿ. ಬೆಂಗಳೂರಲ್ಲಿ ಹೆಸರು ನೋಡಿ ತಗೊಂಡು, ಬಸ್ಸಲ್ಲಿ ಕೂತು ಹಿಂದಿನ ಪಟ್ಟಿ ಓದಿದಾಗ ಮದುವೆ ಊಟದಲ್ಲಿ ಪಂದಿ ಕರಿ ಇಲ್ಲ ಅಂದ ಹಾಗಾಯ್ತು ಅಂತ ಹೇಳಿದ್ರು. ನಂಗೆ ಮಾತ್ರ ಈ ಆಲ್ಬಮ್ಮಿನ ದೊಡ್ಡ ಧೈರ್ಯ ಅದೇ ಅನ್ಸತ್ತೆ. 1980ರಲ್ಲಿ ಡ್ರಮ್ಮರ್ ಜಾನ್ ಬೋನಮ್ ತೀರಿಹೋದಾಗ ಬ್ಯಾಂಡ್ ನಿಂತೇಹೋಯ್ತು, ಆಗ ಪ್ಲಾಂಟ್‌ಗೆ 32 ವರ್ಷ, ಅದೇ ಹಳೇ ಹಾಡು ಹಾಡ್ಕೊಂಡು ಜೀವನಪೂರ್ತಿ ಆರಾಮಾಗಿ ಇರಬಹುದಿತ್ತು, ಆದ್ರೆ ಈ ಮನುಷ್ಯ 1982ರಿಂದ ಒಬ್ಬನೇ ಆಲ್ಬಮ್ ಮಾಡ್ತಾ, ಪ್ರತಿ ಸಲ ಬೇರೆ ಕಡೆ ಹೊರಳ್ತಾ ಹೋದ. ಆ ದಾರಿಯ ಲೆಕ್ಕ ಈ ಎರಡು ಸೀಡೀಲಿದೆ.

ಮೊದಲನೇ ಸೀಡಿ ಸೋಲೋ ಆಲ್ಬಮ್ಮುಗಳದು. 'ಬಿಗ್ ಲಾಗ್' ಇದೆ, '29 ಪಾಮ್ಸ್' ಇದೆ, ಎಂಬತ್ತರ ದಶಕದ ಕೆಲವು ಹಾಡುಗಳ ಸಿಂಥಸೈಜರ್ ಸದ್ದು ನಂಗಷ್ಟು ಹಿಡಿಸಲ್ಲ, ಅದಿರ್ಲಿ. 'ಐ ಬಿಲೀವ್' ಬಗ್ಗೆ ಹೇಳಲೇಬೇಕು. 1977ರಲ್ಲಿ ಜೆಪ್ಲಿನ್ ಅಮೆರಿಕಾ ಟೂರಲ್ಲಿದ್ದಾಗ ಪ್ಲಾಂಟ್‌ನ ಐದು ವರ್ಷದ ಮಗ ಊರಲ್ಲಿ ಕಾಯಿಲೆ ಬಂದು ತೀರಿಕೊಂಡ. ಆ ಮಗುವಿಗೆ ಬರೆದ ಹಾಡು ಇದು, ಬಂದಿದ್ದು 1993ರಲ್ಲಿ, ಅಂದ್ರೆ 16 ವರ್ಷ ಕಳೆದ ಮೇಲೆ. ಅಳು ಬರೋ ಹಾಗೆ ಎಳೆದು ಹಾಡಿಲ್ಲ, ಗಿಟಾರು ಬಿಸಿಲು ಬಿದ್ದ ಹಾಗೆ ಹಗುರಾಗಿ ಹೋಗ್ತಿರತ್ತೆ, ಅಪ್ಪ ಮಗನ ಹತ್ರ ಮಾತಾಡ್ತಿದ್ದಾನೆ ಅಷ್ಟೇ. ವಿಷಯ ಗೊತ್ತಿಲ್ಲದೆ ಎಷ್ಟೋ ವರ್ಷ ಗುನುಗಿದ್ದೀನಿ, ಗೊತ್ತಾದ ದಿನ ಪೂರ್ತಿ ಕೇಳೋಕಾಗ್ಲಿಲ್ಲ.

ಆದ್ರೆ ಮಾವನ ರೂಲ್ ಒಂದಿತ್ತು, ಎರಡನೇ ಸೀಡಿ ಮೊದಲು ಹಾಕ್ಬೇಕು, ನಡುವೆ ಹಾಡು ಹಾರಿಸಬಾರದು. ಜನವರೀಲಿ ಕಾಫಿ ಕಣದಲ್ಲಿ ಹರಡಿರ್ತಿತ್ತಲ್ಲ, ಸಂಜೆ ಅದನ್ನೆಲ್ಲ ಗುಡ್ಡೆ ಮಾಡಿ ಇಬ್ಬನಿ ಬೀಳದ ಹಾಗೆ ಟಾರ್ಪಾಲು ಮುಚ್ಚಿ, ಕಾವಲಿಗೆ ಅಂತ ಪಕ್ಕದ ಶೆಡ್ಡಲ್ಲಿ ಮಲಗ್ತಿದ್ವಿ, ಕಂಬಳಿ ಹೊದ್ದು, ತಲೆ ಹತ್ರ ಪ್ಲೇಯರು. ಆ ಸೀಡಿ 1966ರಿಂದ ಶುರುವಾಗತ್ತೆ, ಲಿಸನ್ ಅನ್ನೋ ಬ್ಯಾಂಡಿನ ಹೆಸರಲ್ಲಿ ಬಂದ ಸಿಂಗಲ್ಲು, ಹಾಡೋ ಹುಡುಗನಿಗೆ 18 ವರ್ಷ. ದನಿ ದೊಡ್ಡದಿದೆ, ಆದ್ರೆ ಇನ್ನೂ ಯಾರ್ಯಾರದೋ ಥರ ಹಾಡ್ತಿದ್ದಾನೆ. ಮುಂದಿನ ಹಾಡಲ್ಲಿ ಅವನ ಕೈಲಿ ಒಂದು ಪ್ರೇಮಗೀತೆ ಹಾಡಿಸಿದ್ದಾರೆ, ಹಿಂದೆ ಆರ್ಕೆಸ್ಟ್ರಾ ಬೇರೆ, ಸ್ವಲ್ಪವೂ ಹೊಂದಲ್ಲ. ಆಮೇಲೆ, ಜೆಪ್ಲಿನ್‌ಗೂ ಮುಂಚೆ ಅವನಿದ್ದ ಬ್ಯಾಂಡ್ ಆಫ್ ಜಾಯ್ ಅನ್ನೋ ಬ್ಯಾಂಡಿನ ಕಾಲದ 'ಹೇ ಜೋ' ಬರತ್ತೆ. ಅಲ್ಲಿ ದನಿ ಸೀಳುತ್ತೆ ನೋಡಿ, ಮಾವ ಕತ್ತಲಲ್ಲಿ ಎದ್ದು ಕೂತು "ಕೇಳು ಕೇಳು, ಈಗ ಸಿಕ್ಕಿದ" ಅಂತಿದ್ರು. ನಂಗೆ ಹಾಡು ಕೇಳೋದು ಹೇಗೆ ಅಂತ ಗೊತ್ತಾಗಿದ್ದು ಆ ಮಾತಿಂದ.

ಕೊನೇ ಹಾಡು 2003ರ ಜನವರೀಲಿ ಮಾಲಿ ದೇಶದ ಮರುಭೂಮೀಲಿ, ಟಿಂಬಕ್ಟು ಹತ್ರದ ಎಸ್ಸಾಕನೆಯಲ್ಲಿ ನಡೆದ ಫೆಸ್ಟಿವಲ್ಲಲ್ಲಿ ಲೈವ್ ಹಾಡಿದ್ದು. ಜೊತೆಗೆ ಹೋಗಿದ್ದ ಗಿಟಾರಿಸ್ಟ್ ಜಸ್ಟಿನ್ ಆಡಮ್ಸ್ ಅಲ್ಲಿನ ತಿನಾರಿವೆನ್ ಬ್ಯಾಂಡಿಗೆ ಕೆಲಸ ಮಾಡಿದವನು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹೋದ ಜನರ ಮಕ್ಕಳು ಮೊಮ್ಮಕ್ಕಳಿಂದ ಅಮೆರಿಕಾದಲ್ಲಿ ಬ್ಲೂಸ್ ಸಂಗೀತ ಹುಟ್ಟಿತು, ಅದನ್ನ ಇಂಗ್ಲೆಂಡಿನ ಈ ಹುಡುಗ ರೆಕಾರ್ಡ್ ಕೇಳಿ ಕಲಿತ, 54ನೇ ವಯಸ್ಸಲ್ಲಿ ವಾಪಸ್ ಆ ಮಣ್ಣಿಗೇ ಹೋಗಿ ಹಾಡ್ತಿದ್ದಾನೆ. ಕಿರುಚಾಟ ಇಲ್ಲ. ದನಿ ತಗ್ಗಿಸಿ, ಕಾಯ್ಕೊಂಡು, ಮಂತ್ರ ಹೇಳೋ ಥರ. ಆ 18ರ ಹುಡುಗನ ದನಿ ಕೇಳಿ ಅದೇ ಸೀಡಿಯ ಕೊನೇಲಿ ಇದು ಕೇಳಿದ್ರೆ ಮೈ ಝುಮ್ ಅನ್ನತ್ತೆ, ಅದಕ್ಕೇ ಇದನ್ನ ಫೋನಲ್ಲಿ ಶಫಲ್ ಹಾಕಿ ಕೇಳ್ಬೇಡಿ, ದಯವಿಟ್ಟು.

ಮಾವ ಈಗ ಮೈಸೂರಲ್ಲಿ ಮಗಳ ಮನೇಲಿದ್ದಾರೆ. ಮೊನ್ನೆ ರಾತ್ರಿ ಕಣದಿಂದಲೇ ಫೋನ್ ಮಾಡಿ, ಏನೂ ಹೇಳದೆ ಪ್ಲೇಯರ್ ಹತ್ರ ಹಿಡಿದೆ. ಕೊನೇ ಹಾಡು ಮುಗಿಯೋವರೆಗೂ ಆ ಕಡೆಯಿಂದ ಉಸಿರಿನ ಸದ್ದು ಬಿಟ್ರೆ ಏನೂ ಇಲ್ಲ.

"ಎರಡನೇದು ಮೊದಲು ಹಾಕಿದ್ಯಾ?"

"ಹೂಂ ಮಾವ, ನೀವು ಹೇಳಿದ ಹಾಗೇ."

"ಟಾರ್ಪಾಲು ಸರಿಯಾಗಿ ಮುಚ್ಚಿದ್ಯೇನೋ? ಇಬ್ಬನಿ ಜೋರಿರತ್ತೆ ಈಗ."