ಮಾಯವಾಗಿದ್ದ ಎಲ್‌ಸಿ3 ಹಿಂದಿನ ಮೆಂಬ್ರೇನ್‌ನಲ್ಲಿ ಸಿಕ್ಕಿತು

ಸಿಕ್ಕಿತು! ಮೂರು ವಾರದಿಂದ ಹುಡುಕುತ್ತಿದ್ದ ಎಲ್‌ಸಿ3 ನಿನ್ನೆ ರಾತ್ರಿ ಹನ್ನೊಂದಕ್ಕೆ ಸಿಕ್ಕಿತು. ಎಲ್‌ಸಿ3 ಅಂದರೆ ಆಟೋಫೇಜಿಯ (ಜೀವಕೋಶ ತನ್ನ ಕಸವನ್ನು ತಾನೇ ಕರಗಿಸಿಕೊಳ್ಳುವ ಕೆಲಸದ) ಗುರುತಾಗಿ ನೋಡುವ ಸಣ್ಣ ಪ್ರೋಟೀನ್. ಇರಬೇಕಾದ ಜಾಗದಲ್ಲಲ್ಲ, ಅದರ ಬೆನ್ನ ಹಿಂದೆ. ಹುಡುಕಿದ್ದು ವೆಸ್ಟರ್ನ್ ಬ್ಲಾಟ್‌ನಲ್ಲಿ: ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ಟ್ರಾನ್ಸ್‌ಫರ್ ಮಾಡಿ, ಬೇಕಾದ ಪ್ರೋಟೀನಿಗೆ ಅಂಟುವ ಆ್ಯಂಟಿಬಾಡಿ ಹಾಕಿ ಬ್ಯಾಂಡ್ (ಪಟ್ಟಿ) ನೋಡೋದು.

ಮೆದುಳಿಗೆ ಪೆಟ್ಟು ಬಿದ್ದ ಇಲಿಗಳ ಕಾರ್ಟೆಕ್ಸ್ (ಮೆದುಳಿನ ಹೊರಪದರ). 1, 3, 7ನೇ ದಿನದ ಸ್ಯಾಂಪಲ್‌ಗಳು, ಜೊತೆಗೆ ಶ್ಯಾಮ್ ಗುಂಪು, ಅಂದರೆ ಹೋಲಿಕೆಗೆ ಇಟ್ಟ, ಪೆಟ್ಟು ಬೀಳದ ಇಲಿಗಳು (ಅಮ್ಮ ಫೋನಿನಲ್ಲಿ ಕೇಳಿಸಿಕೊಂಡು ಇವತ್ತಿಗೂ ಯಾರೇ ಅದು ಶ್ಯಾಮ್ ಅಂತ ಕೇಳುತ್ತಾರೆ). ಲೈಸೇಟ್ (ಅಂಗಾಂಶ ಅರೆದ ದ್ರವ) ಮಾಡಿದ್ದು, ಬಿಸಿಎಯಿಂದ ಪ್ರೋಟೀನ್ ಅಳೆದದ್ದು ಎಲ್ಲ ಮಾಮೂಲಿ, ಬಿಟ್ಟುಬಿಡುತ್ತೇನೆ.

ಮೆಂಬ್ರೇನಿನ ಮೇಲಿನ ತುಂಡಿನಲ್ಲಿ ಪಿ62 (ಕಸವನ್ನು ಆಟೋಫೇಜಿಗೆ ಒಯ್ದು ತಾನೂ ಕರಗುವ ಪ್ರೋಟೀನ್) ಮೊದಲ ಪ್ರಯತ್ನದಿಂದಲೂ ಚೆನ್ನಾಗಿಯೇ ಬಂತು. ಎಲ್‌ಸಿ3 ಇರಬೇಕಾದ ಕೆಳಗಿನ ತುಂಡು ಮಾತ್ರ ಬೋಳು. ಹತ್ತು ನಿಮಿಷ ಎಕ್ಸ್‌ಪೋಷರ್ ಕೊಟ್ಟರೂ ಮಸುಕು ಮಂಜು, ಅಷ್ಟೇ. ಆ್ಯಂಟಿಬಾಡಿ ಮೇಲೆ ಅನುಮಾನ ಬಂದು ಹೊಸದು ತರಿಸಿದೆ. ಅದು ಕಸ್ಟಮ್ಸ್‌ನಲ್ಲಿ ಒಂಬತ್ತು ದಿನ ಕೂತು, ಡ್ರೈ ಐಸ್ ಪೂರ್ತಿ ಆವಿಯಾಗಿ, ಬೆಚ್ಚಗಿನ ಥರ್ಮೋಕೋಲ್ ಡಬ್ಬಿಯಲ್ಲಿ ಬಂತು. ಜೆಲ್ ಅನ್ನು 12ರಿಂದ 15 ಪರ್ಸೆಂಟ್‌ಗೆ ಏರಿಸಿದೆ. ಆ್ಯಂಟಿಬಾಡಿ ಎಲ್ಲೆಂದರಲ್ಲಿ ಅಂಟದಿರಲಿ ಅಂತ ಹಾಕುವ ಹಾಲು ಬಿಟ್ಟು ಬಿಎಸ್‌ಎ ಪ್ರೋಟೀನ್ ಹಾಕಿದೆ. ಪದೇ ಪದೇ ಫ್ರೀಜ್ ಮಾಡಿ ಕರಗಿಸಿದರೆ ಎಲ್‌ಸಿ3-1 (ಎಲ್‌ಸಿ3ಯ ಮೊದಲ ರೂಪ) ಹಾಳಾಗುತ್ತೆ ಅಂತ ಗೈಡ್ ಹೇಳಿದ್ದಕ್ಕೆ ಲೈಸೇಟ್ ಹೊಸದಾಗಿ ಮಾಡಿದೆ. ಬೋಳೇ.

ಕೊನೆಗೆ ಕಣ್ಣಿಗೆ ಬಿದ್ದದ್ದು ಲ್ಯಾಡರ್, ಅಂದರೆ ಅಳತೆಗೆ ಅಂತ ಪಕ್ಕದಲ್ಲಿ ಓಡಿಸುವ, ಗಾತ್ರ ಗೊತ್ತಿರುವ ಪ್ರೋಟೀನ್‌ಗಳ ಸಾಲು. 15 ಕಿಲೋಡಾಲ್ಟನ್‌ನ (ಪ್ರೋಟೀನಿನ ತೂಕದ ಅಳತೆ) ಗುರುತು ಯಾಕೋ ಬಿಳಿಚಿಕೊಂಡಿದೆ, 10ರದ್ದು ಇಲ್ಲವೇ ಇಲ್ಲ. ಜೆಲ್‌ನಲ್ಲೂ ಉಳಿದಿಲ್ಲ. ಹಾಗಾದರೆ ಎಲ್ಲಿಗೆ ಹೋಯ್ತು? ಸುಮ್ನೆ ಒಂದು ಹುಚ್ಚು ಪ್ರಯತ್ನ ಅಂತ ಮೆಂಬ್ರೇನ್ ಹಿಂದೆ ಇನ್ನೊಂದು ಮೆಂಬ್ರೇನ್ ಇಟ್ಟು ಟ್ರಾನ್ಸ್‌ಫರ್ ಮಾಡಿದೆ. ಸ್ಯಾಂಡ್‌ವಿಚ್ ಬಿಚ್ಚಿದರೆ 10 ಮತ್ತು 15 ಎರಡೂ ಹಿಂದಿನದರ ಮೇಲೆ ಹಾಯಾಗಿ ಕೂತಿವೆ! ಅದಕ್ಕೇ ಆ್ಯಂಟಿಬಾಡಿ ಹಾಕಿದರೆ 16 ಮತ್ತು 14ರ ಹತ್ತಿರ ಎರಡು ಬ್ಯಾಂಡ್ (ಎಲ್‌ಸಿ3-1 ಮತ್ತು ಎಲ್‌ಸಿ3-2), ಹಲ್ಲುಜ್ಜಿದಷ್ಟು ಸ್ವಚ್ಛ.

ಸಣ್ಣ ಪ್ರೋಟೀನ್ ಮೆಂಬ್ರೇನ್ ತೂರಿಕೊಂಡು ಆಚೆ ಹೋಗುತ್ತಿತ್ತು. ರೋಲಿನ ಪೆಟ್ಟಿಗೆ ತೆಗೆದು ನೋಡಿದೆ. ನಾನು ಆರ್ಡರ್ ಮಾಡಿದ್ದು 0.2 ಮೈಕ್ರಾನ್ ರಂಧ್ರದ್ದು, ಬಿಲ್‌ನಲ್ಲಿರೋದೂ 0.2, ಪೆಟ್ಟಿಗೆಯ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ 0.45. ಸಪ್ಲೈಯರ್‌ಗೆ ಫೋನ್ ಮಾಡಿದರೆ, "ಎಲ್ಲಾ ಲ್ಯಾಬ್‌ನವರೂ ಇದನ್ನೇ ತಗೋತಾರೆ ಮೇಡಂ, ಯಾರೂ ಕಂಪ್ಲೇಂಟ್ ಮಾಡಿಲ್ಲ." ಪೆಟ್ಟಿಗೆ ಓದದೇ ಮೂರು ವಾರ ಕಳೆದ ನನ್ನ ತಪ್ಪೂ ಇದೆ ಬಿಡಿ.

ಈಗ ನಿಜವಾದ ವಿಷಯ. ಪೆಟ್ಟಾದ 1 ಮತ್ತು 3ನೇ ದಿನ ಎಲ್‌ಸಿ3-2 (ಕಸ ತುಂಬುವ ಚೀಲಗಳ ಪೊರೆಗೆ ಅಂಟಿಕೊಂಡ ರೂಪ) ದಪ್ಪಗಿದೆ. ಇದೊಂದೇ ಕಂಡಿದ್ದರೆ ಆಟೋಫೇಜಿ ಜೋರಾಗಿದೆ ಅಂತ ಕುಣಿದುಬಿಡುತ್ತಿದ್ದೆ. ಆದರೆ ಪಿ62 ಕೂಡ ಏರಿದೆ, ಆಟೋಫೇಜಿ ಸರಿಯಾಗಿ ನಡೆದಿದ್ದರೆ ಅದು ಕರಗಿ ಇಳಿಯಬೇಕಿತ್ತು ಅಲ್ವಾ? ಮದುವೆ ಮನೆಯಲ್ಲಿ ಎಂಜಲೆಲೆ ತುಂಬಿದ ಬುಟ್ಟಿಗಳು ಸಾಲಾಗಿ ನಿಂತಿವೆ ಅಂದರೆ ಎಲೆ ಎತ್ತುವವರು ಚುರುಕಾಗಿದ್ದಾರೆ ಅಂತಲೇ ಅಲ್ಲ, ಹಿತ್ತಲಿನ ಗುಂಡಿ ಕಟ್ಟಿಕೊಂಡಿರಬಹುದು. ಇಲ್ಲಿ ಗುಂಡಿ ಅಂದರೆ ಲೈಸೋಸೋಮ್, ಜೀವಕೋಶದೊಳಗೆ ಕಸ ಕರಗಿಸುವ ಹುಳಿ ಚೀಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮಾರ್ಟಾ ಲಿಪಿನ್ಸ್ಕಿ ತಂಡ 2014ರಲ್ಲಿ ಇಲಿಗಳಲ್ಲಿ ಇದನ್ನೇ ತೋರಿಸಿತ್ತು: ಪೆಟ್ಟಾದ ಮೊದಲ ದಿನಗಳಲ್ಲಿ ನ್ಯೂರಾನ್‌ಗಳಲ್ಲಿ (ನರಕೋಶಗಳಲ್ಲಿ) ಆಟೋಫೇಜಿ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತೆ, ಲೈಸೋಸೋಮಿನ ಕ್ಯಾಥೆಪ್ಸಿನ್ ಡಿ ಎಂಬ ಕಿಣ್ವ ಕಡಿಮೆಯಾಗುತ್ತೆ, ವಾರದ ಹೊತ್ತಿಗೆ ಹರಿವು ಸುಧಾರಿಸುತ್ತೆ. ನನ್ನ 7ನೇ ದಿನದ ಪಿ62 ಕೂಡ ಇಳಿದಿದೆ.

ಆದರೂ ಪೂರ್ತಿ ನಂಬಿಕೆ ಇಲ್ಲ. ಪಿ62 ಜೀನ್ ಜಾಸ್ತಿ ಕೆಲಸ ಮಾಡಿದರೂ ಬ್ಯಾಂಡ್ ದಪ್ಪವಾಗುತ್ತೆ, ಜೀನಿನ ಆರ್‌ಎನ್‌ಎ ಅಳೆಯುವ ಕ್ಯುಪಿಸಿಆರ್ ಮಾಡಲೇಬೇಕು. ಜೊತೆಗೆ ವೆಸ್ಟರ್ನ್ ಅಂದರೆ ಚಟ್ನಿ ಇದ್ದ ಹಾಗೆ, ನ್ಯೂರಾನು, ಮೈಕ್ರೋಗ್ಲಿಯಾ (ಮೆದುಳಿನ ರಕ್ಷಣಾ ಕೋಶಗಳು) ಎಲ್ಲ ಒಟ್ಟಿಗೆ ಅರೆದಿರುತ್ತೇವೆ. ಸ್ಲೈಸ್ ತೆಗೆದು ನ್ಯೂಎನ್ (ನ್ಯೂರಾನ್‌ಗಳ ಗುರುತಿನ ಪ್ರೋಟೀನ್) ಜೊತೆ ಸ್ಟೇನ್ ಮಾಡಬೇಕು.

ಅದು ಮುಗಿಯುವ ಮುಂಚೆಯೇ ಮನಸ್ಸು ಇನ್ನೊಂದು ಕಡೆ ಓಡಿದೆ: ಕಲ್ಚರ್ ಮಾಡಿದ ನ್ಯೂರಾನ್‌ಗಳಿಗೆ ಕೆಂಪು-ಹಸಿರು ಎರಡೂ ಬಣ್ಣದಲ್ಲಿ ಹೊಳೆಯುವ ಜೋಡಿ ಎಲ್‌ಸಿ3 ಹಾಕೋದು. ಲೈಸೋಸೋಮಿನ ಹುಳಿಗೆ ಹಸಿರು ಆರುತ್ತೆ, ಕೆಂಪು ಉಳಿಯುತ್ತೆ. ಎರಡೂ ಬಣ್ಣ ಸೇರಿದ ಹಳದಿ ಚುಕ್ಕೆಗಳೇ ತುಂಬಿದ್ದರೆ ಗುಂಡಿ ಕಟ್ಟಿದೆ ಅಂತ ಕಣ್ಣಾರೆ ನೋಡಬಹುದು. ಗೈಡ್‌ಗೆ ಇನ್ನೂ ಹೇಳಿಲ್ಲ.

ಸರಿಯಾದ ರೋಲ್ ಬರೋದು ಯಾವಾಗಲೋ. ಅಲ್ಲಿಯವರೆಗೆ ಪಕ್ಕದ ಲ್ಯಾಬಿನಿಂದ 0.2ರ ಎರಡು ಹಾಳೆ ಸಾಲ ತಂದಿದ್ದೇನೆ. ಬದಲಿಗೆ ಈ ವಾರ ಅವರ ಜೆಲ್‌ಗಳನ್ನೆಲ್ಲ ನಾನೇ ಹಾಕಿಕೊಡಬೇಕಂತೆ.