ಸ್ಕೇಲ್ ಮುಟ್ಟದ ಗೆರೆಗಳು

ಮೂವತ್ತೊಂದು ವರ್ಷ ನಾನು ಸರ್ಕಾರಿ ಕಚೇರಿಯಲ್ಲಿ ಕಾಲುವೆ, ತೂಬುಗಳ ನಕ್ಷೆ ಬರೆದವನು. ಟ್ರೇಸಿಂಗ್ ಹಾಳೆಯ ಮೇಲೆ ಸೆಟ್ ಸ್ಕ್ವೇರ್ ಸರಿಸುತ್ತ ಓರೆಗೆರೆಗಳನ್ನು ತುಂಬುವುದೇ ಮೊದಲೆರಡು ವರ್ಷದ ಕೆಲಸ. ಗೆರೆ ಜಾರಿದರೆ ಬ್ಲೇಡಿನಿಂದ ಶಾಯಿ ಕೆರೆದು ಮತ್ತೆ ಎಳೆಯಬೇಕು. ಒತ್ತೊತ್ತಾದ ಗೆರೆ ಎಲ್ಲಿ ಕಂಡರೂ ಎಣಿಸುವ ಅಭ್ಯಾಸ ಆಗಿನಿಂದ ಅಂಟಿದೆ.

ಕಳೆದ ಅಕ್ಟೋಬರಿನಲ್ಲಿ ಮಗಳು ಆಲ್ಬುಕರ್ಕಿಯಿಂದ ಆಕೋಮಾಗೆ ಕರೆದುಕೊಂಡು ಹೋದಳು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಬಯಲಿನಲ್ಲಿ ಸುಮಾರು 365 ಅಡಿ ಎದ್ದು ನಿಂತ, ನೆತ್ತಿ ಚಪ್ಪಟೆಯಾದ ಬಂಡೆ. ಅದರ ಮೇಲೆ ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನರ ಊರು. ಅಲ್ಲಿ ಮೇಜಿನ ಮೇಲೆ ಮಡಕೆಗಳನ್ನಿಟ್ಟುಕೊಂಡು ಕುಳಿತಿದ್ದ ಹಿರಿಯ ಹೆಂಗಸೊಬ್ಬರ ಬಳಿ ನನ್ನ ಕಾಲು ನಿಂತುಬಿಟ್ಟಿತು. ಅಂಗೈಯಗಲದ ಮಡಕೆ, ಸುಣ್ಣದಂಥ ಬಿಳುಪು, ಮೈತುಂಬ ಕಪ್ಪು ಗೆರೆ. ಒಂದು ಅಂಗುಲದೊಳಗೆ ಹದಿನಾಲ್ಕು ಎಣಿಸಿದೆ.

ಹಾಳೆ ಸಪಾಟಾಗಿರುತ್ತದೆ. ಮಡಕೆ ಹಾಗಲ್ಲ. ಹೊಟ್ಟೆಯ ಸುತ್ತಳತೆ ಕೊರಳಿನದಕ್ಕಿಂತ ದೊಡ್ಡದು, ಗೆರೆಗಳು ಕೆಳಗಿಳಿದಂತೆ ಹರವಿಕೊಳ್ಳಬೇಕು, ಸುತ್ತಿ ಬಂದಾಗ ಕೊನೆಯ ತ್ರಿಕೋನ ಮೊದಲನೆಯದರ ಪಕ್ಕದಲ್ಲಿ ಸರಿಯಾಗಿ ಕೂರಬೇಕು. ಅಳೆಯುವುದು ಹೇಗೆಂದು ಕೇಳಿದೆ. ಆಕೆ ಹೆಬ್ಬೆರಳು, ತೋರುಬೆರಳು ಚಾಚಿ ಮಡಕೆಯ ಬಾಯಿಯ ಮೇಲೆ ನಾಲ್ಕು ಕಡೆ ಇಟ್ಟು ತೋರಿಸಿದರು. ಅಷ್ಟೇ ಅಳತೆ. ಕುಂಚವೆಂದರೆ ಯುಕ್ಕಾ ಗಿಡದ ಎಲೆ. ತುದಿಯನ್ನು ಅಗಿದು ನಾರು ಬಿಡಿಸಿಕೊಳ್ಳುತ್ತಾರೆ. ಚಕ್ರವಿಲ್ಲ. ಮಣ್ಣಿನ ಹುರಿಯನ್ನು ಸುತ್ತಿ ಸುತ್ತಿ ಏರಿಸಿ, ಕೆರೆದು ತೆಳುವಾಗಿಸಿದ ಗೋಡೆ. ಆ ಮಣ್ಣಿಗೆ ಹಳೆಯ ಮಡಕೆ ಚೂರುಗಳನ್ನು ಕುಟ್ಟಿ ಬೆರೆಸಿರುತ್ತಾರೆ.

ಒಡೆದ ಚೂರುಗಳಿಗೆ ಇನ್ನೊಂದು ಕೆಲಸವೂ ಉಂಟು. ಆಕೋಮಾದ ಮಡಕೆಗಾರ್ತಿ ಲೂಸಿ ಲೂಯಿಸ್ ಸಾವಿರ ವರ್ಷದಷ್ಟು ಹಳೆಯ ಕಪ್ಪು-ಬಿಳಿ ಮಡಕೆಗಳ ಚೂರುಗಳ ಮೇಲಿನ ವಿನ್ಯಾಸಗಳನ್ನು ನೋಡಿ ಈ ಸಣ್ಣಗೆರೆಯ ಶೈಲಿಗೆ ಮತ್ತೆ ಜೀವ ಕೊಟ್ಟವರಲ್ಲಿ ಒಬ್ಬರು. ಅವರು ತೀರಿಕೊಂಡದ್ದು 1992ರಲ್ಲಿ. ಶಾಲೆಯಲ್ಲಿ ಕಲಿತ ಕೈಯಲ್ಲ ಅದು. ನನ್ನ ಕಸುಬಿನ ಯಾರ ಕೈಗಿಂತಲೂ ಅದು ದೊಡ್ಡ ಕೈ ಎಂದು ನಾನು ನಂಬುತ್ತೇನೆ.

ನಮ್ಮ ನಕ್ಷೆಯಲ್ಲಿ ಓರೆಗೆರೆ ತುಂಬಿದ ಜಾಗವೆಂದರೆ ಕತ್ತರಿಸಿ ತೋರಿಸಿದ ಗೋಡೆ. ಆಕೋಮಾದ ಮಡಕೆಯಲ್ಲಿ ಅದೇ ಗೆರೆಗಳು ಮಳೆ, ಮೆಟ್ಟಿಲಿನಂಥ ಆಕಾರ ಮೋಡ. ಸುತ್ತಲಿನ ಒಣ ನೆಲ ನೋಡಿದವನಿಗೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ನೀರಿಗಾಗಿಯೇ ಗೆರೆ ಎಳೆದವನು ನಾನೂ ಹೌದು.

ಮರುದಿನ ಆಲ್ಬುಕರ್ಕಿಯ ವಸ್ತುಸಂಗ್ರಹಾಲಯದಲ್ಲಿ ಜೂನಿ ಎಂಬ ಇನ್ನೊಂದು ಪ್ಯೂಬ್ಲೋ ಜನರ ಮಡಕೆ ಕಂಡೆ. ಕೊರಳ ಸುತ್ತಿನ ದಪ್ಪ ಗೆರೆ ಪೂರ್ತಿ ಕೂಡದೆ ಒಂದು ಕಡೆ ಬೆರಳಗಲ ತೆರೆದುಕೊಂಡಿತ್ತು. ನಮ್ಮಲ್ಲಾದರೆ ಹಾಳೆ ವಾಪಸ್ ಬರುತ್ತಿತ್ತು. ಅವರು ಬೇಕೆಂದೇ ಬಿಡುತ್ತಾರೆ. ಅದು ಜೀವಕ್ಕೆ ದಾರಿ. ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದೆ.

ಆಕೋಮಾದ ಪುಟ್ಟ ಮಡಕೆ ಈಗ ನನ್ನ ಮೇಜಿನ ಮೇಲಿದೆ. ಗೆರೆಗಳು ಎಲ್ಲಿ ಶುರುವಾಗಿ ಎಲ್ಲಿ ಸೇರಿದವೆಂದು ಭೂತಗನ್ನಡಿ ಹಿಡಿದು ಮೂರು ಸಂಜೆ ಹುಡುಕಿದೆ. ನಿನ್ನೆ ಸಿಕ್ಕಿತು. ಒಂದು ತ್ರಿಕೋನ ಉಳಿದವುಗಳಿಗಿಂತ ಕೂದಲೆಳೆಯಷ್ಟು ಕಿರಿದು, ಅದರೊಳಗೆ ಒಂದೇ ಒಂದು ಗೆರೆ ಕಡಿಮೆ.